ನಟ್ಸ್ ಗ್ರಾನೋಲಾ: ಅಂಚು ಸೀದು, ನಡು ಮೆತ್ತಗೆ ಉಳಿಯುವುದು ಯಾಕೆ?

ಹೊಸ_ಟ್ರೇ

ಗ್ರಾನೋಲಾಗೆ (ಓಟ್ಸ್, ನಟ್ಸ್ ಜೇನಿನಲ್ಲಿ ಕಲಸಿ ಗರಿಗರಿಯಾಗಿ ಬೇಯಿಸುವ ತಿಂಡಿ) ನನ್ನ ಅಳತೆ ಇದು: ರೋಲ್ಡ್ ಓಟ್ಸ್ (ಅವಲಕ್ಕಿಯಂತೆ ಚಪ್ಪಟೆ ಮಾಡಿದ ಓಟ್ಸ್) 400 ಗ್ರಾಂ, ಬಾದಾಮಿ, ಗೋಡಂಬಿ, ಅಕ್ರೋಟು ಸೇರಿ 200 ಗ್ರಾಂ (ಎಲ್ಲವೂ ಸಣ್ಣಗೆ ಹೆಚ್ಚಿದ್ದು), ಜೇನುತುಪ್ಪ 150 ಗ್ರಾಂ, ಎಣ್ಣೆ 2 ದೊಡ್ಡ ಚಮಚ, ಒಣದ್ರಾಕ್ಷಿ 80 ಗ್ರಾಂ, ಒಂದು ಚಿಟಿಕೆ ಉಪ್ಪು. ಎಲ್ಲವನ್ನೂ ಒಟ್ಟಿಗೆ ಕಲಸಿ 25×30 ಸೆಂ.ಮೀ. ಟ್ರೇಗೆ ಸುರಿದು, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ.

ಆದದ್ದು: ಅಂಚು ಕಪ್ಪು, ನಡು ಮೆತ್ತಗೆ, ದ್ರಾಕ್ಷಿ ಕಲ್ಲಿನ ಹಾಗೆ, ಗೋಡಂಬಿ ಚೂರು ಕಹಿ. ಹೆಂಟೆ ಕಟ್ಟುವುದೇ ಇಲ್ಲ, ಬೆರಳು ತಾಗಿದರೆ ಪುಡಿ. ಡಬ್ಬಿಗೆ ತುಂಬಿದ ಮೂರನೇ ದಿನಕ್ಕೆ ಎಲ್ಲವೂ ಮೆತ್ತಗೆ. ಸಮಯ ಹೆಚ್ಚಿಸಿದರೆ ಅಂಚು ಇನ್ನಷ್ಟು ಸೀಯುತ್ತದೆ, ಇಳಿಸಿದರೆ ನಡು ಹಸಿ. ತಪ್ಪು ಅಳತೆಯಲ್ಲೋ ಉರಿಯಲ್ಲೋ?

ತಕ್ಕಡಿ

ಎರಡರಲ್ಲೂ ಇದೆ. ಆದರೆ ಮೊದಲು ಒಂದು ವಿಷಯ ಸರಿಯಾಗಿ ಹಿಡಿಯಬೇಕು: ಗ್ರಾನೋಲಾ ಮಾಡುವುದೆಂದರೆ ಮುಖ್ಯವಾಗಿ ಒಣಗಿಸುವುದು. ಕೆಂಪಗೆ ಹುರಿಯುವುದು ಅದರ ಕೊನೆಯ ಹತ್ತು ನಿಮಿಷದ ಕೆಲಸ. ನೀವು ಬಣ್ಣ ನೋಡಿ ಹೊರತೆಗೆಯುತ್ತಿದ್ದೀರಿ. ಬಣ್ಣ ಅಂಚಿನಲ್ಲಿ ಬಂದಾಗ ನಡುವಿನ ನೀರು ಇನ್ನೂ ಹೋಗಿರುವುದಿಲ್ಲ.

ನೀರಿನ ಲೆಕ್ಕ ಹಾಕಿ ನೋಡಿ. ಓಟ್ಸ್‌ನಲ್ಲಿ ಸುಮಾರು ಶೇ. 10 ತೇವ ಇರುತ್ತದೆ, ಜೇನುತುಪ್ಪದಲ್ಲಿ ಶೇ. 17–18, ನಟ್ಸ್‌ನಲ್ಲಿ ಶೇ. 4–5. ನಾನು ಹೇಳುವ ಅಳತೆ:

ರೋಲ್ಡ್ ಓಟ್ಸ್ 300 ಗ್ರಾಂ
ನಟ್ಸ್ 180 ಗ್ರಾಂ
ಕುಂಬಳ ಬೀಜ ಅಥವಾ ಸೂರ್ಯಕಾಂತಿ ಬೀಜ 50 ಗ್ರಾಂ
ಜೇನುತುಪ್ಪ 120 ಗ್ರಾಂ
ಎಣ್ಣೆ 75 ಗ್ರಾಂ (ಸುಮಾರು 80 ಮಿ.ಲೀ.)
ಪುಡಿ ಉಪ್ಪು 5 ಗ್ರಾಂ
ದಾಲ್ಚಿನ್ನಿ ಪುಡಿ ಒಂದೂವರೆ ಟೀ ಚಮಚ

ಒಟ್ಟು 730 ಗ್ರಾಂ. ಇದರಲ್ಲಿ ಹೆಚ್ಚುಕಡಿಮೆ 60 ಗ್ರಾಂ ನೀರು. ಗರಿಗರಿ ಅನ್ನಿಸಬೇಕಾದರೆ 15–20 ಗ್ರಾಂ ಮಾತ್ರ ಉಳಿಯಬೇಕು. ಅಂದರೆ 40–45 ಗ್ರಾಂ ನೀರು ಆವಿಯಾಗಿ ಹೋಗಬೇಕು. ಎರಡೂವರೆ ಸೆಂ.ಮೀ. ದಪ್ಪ ತುಂಬಿದ ಟ್ರೇಯಿಂದ 20 ನಿಮಿಷದಲ್ಲಿ ಅಷ್ಟು ಆವಿ ಹೊರಗೆ ಬರಲು ದಾರಿಯೇ ಇಲ್ಲ. ಒಳಗಿನ ಓಟ್ಸ್ ತನ್ನದೇ ಹಬೆಯಲ್ಲಿ ಬೇಯುತ್ತದೆ, ಒಣಗುವುದಿಲ್ಲ.

ಉಪ್ಪು ಚಿಟಿಕೆ ಸಾಲದು. ಒಟ್ಟು ತೂಕದ ಶೇ. 0.7ರಷ್ಟಾದರೂ ಬೇಕು, ಇಲ್ಲದಿದ್ದರೆ ಸಿಹಿ ಮಾತ್ರ ಮುಂದೆ ನಿಂತು ನಟ್ಸ್ ರುಚಿ ಮಂಕಾಗುತ್ತದೆ. ಓಟ್ಸ್ ಮೇಲೆ ಉದುರಿಸಬೇಡಿ, ಜೇನು–ಎಣ್ಣೆಯಲ್ಲಿ ಕದಡಿ ಹಾಕಿ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಜೇನಿನಲ್ಲಿರುವ ನೀರಿನಲ್ಲಿ ಕರಗಬೇಕು. ಅದಕ್ಕೇ ಜೇನನ್ನು ಉಗುರುಬೆಚ್ಚಗೆ ಮಾಡಿ ಮೊದಲು ಉಪ್ಪು, ಆಮೇಲೆ ಎಣ್ಣೆ.

ಮಂದ_ಉರಿ

ತಕ್ಕಡಿ ಅವರು ಹೇಳಿದ್ದಕ್ಕೆ ಓವನ್ ಕಡೆಯಿಂದ ಸೇರಿಸುತ್ತೇನೆ.

180 ಡಿಗ್ರಿ ಬಿಡಿ. 150 ಡಿಗ್ರಿಗೆ 35–40 ನಿಮಿಷ. ಫ್ಯಾನ್ ಇರುವ ಓವನ್ ಆದರೆ 135 ಡಿಗ್ರಿ ಸಾಕು, ಗಾಳಿ ಆಡುವುದರಿಂದ ಒಣಗುವುದೂ ಬೇಗ. ಕಾರಣ ಹೀಗಿದೆ: ಜೇನಿನಲ್ಲಿರುವ ಫ್ರಕ್ಟೋಸ್ (ಹಣ್ಣಿನ ಸಕ್ಕರೆ) ಸುಮಾರು 110 ಡಿಗ್ರಿಯಲ್ಲೇ ಕಂದು ತಿರುಗಲು ಶುರು. ಸಾಮಾನ್ಯ ಸಕ್ಕರೆಗೆ 160ರ ಆಸುಪಾಸು ಬೇಕು. ಟ್ರೇ ಅಂಚಿನಲ್ಲಿ ಲೋಹದ ಬಿಸಿ ಕೆಳಗಿನಿಂದಲೂ ಪಕ್ಕದಿಂದಲೂ ತಗಲುತ್ತದೆ, ಅಲ್ಲಿನ ನೀರು ಮೊದಲು ಖಾಲಿ. ನೀರು ಇರುವವರೆಗೆ ಆ ಜಾಗ 100 ಡಿಗ್ರಿ ದಾಟುವುದು ಕಷ್ಟ. ನೀರು ಮುಗಿದ ಕ್ಷಣದಿಂದ ಬಿಸಿ ಸರ್ರನೆ ಏರುತ್ತದೆ. 180ರಲ್ಲಿ ಈ ಏರಿಕೆಗೂ ಸೀಯುವುದಕ್ಕೂ ನಡುವೆ ಎರಡು ಮೂರು ನಿಮಿಷ ಮಾತ್ರ ಸಿಗುತ್ತದೆ.

ದಪ್ಪ 1 ಸೆಂ.ಮೀ., ಹೆಚ್ಚೆಂದರೆ ಒಂದೂವರೆ. 730 ಗ್ರಾಂ ಮಿಶ್ರಣಕ್ಕೆ 33×46 ಸೆಂ.ಮೀ. ಟ್ರೇ ಸರಿಹೋಗುತ್ತದೆ. ನಿಮ್ಮ 25×30 ಟ್ರೇಗೆ ಅರ್ಧ ಅಳತೆ ಮಾತ್ರ. ಒಂದೇ ಸಲ ಮುಗಿಸುವ ಆಸೆಗೆ ಪೂರ್ತಿ ಸುರಿದರೆ ಮತ್ತೆ ಇದೇ ಗೋಳು.

ಅಂಚಿಗಿಂತ ನಡುವಿನಲ್ಲಿ ಸ್ವಲ್ಪ ತೆಳ್ಳಗೆ ಹರಡಿ. ಜನ ಸಾಮಾನ್ಯವಾಗಿ ತದ್ವಿರುದ್ಧ ಮಾಡುತ್ತಾರೆ: ನಡುವಿಗೆ ಸುರಿದು ಅಂಚಿನತ್ತ ಎಳೆಯುವುದರಿಂದ ನಡು ದಪ್ಪ, ಅಂಚು ತೆಳು. ಮೊದಲು ಸೀಯುವುದು ಅದೇ ತೆಳು ಅಂಚು.

ಟ್ರೇ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಕಪ್ಪು ಟ್ರೇ ಬಿಸಿ ಹೆಚ್ಚು ಹೀರಿ ತಳ ಸೀಯಿಸುತ್ತದೆ, ಹೊಳೆಯುವ ಅಲ್ಯೂಮಿನಿಯಂ ಒಳ್ಳೆಯದು. ಕಪ್ಪು ಟ್ರೇ ಒಂದೇ ಇದ್ದರೆ ಅಡಿಗೆ ಇನ್ನೊಂದು ಟ್ರೇ ಇಟ್ಟು ಜೋಡಿ ಮಾಡಿ. ಮೇಲೂ ಕೆಳಗೂ ರಾಡ್ ಇರುವ ಸಣ್ಣ ಓವನ್‌ನಲ್ಲಿ ಟ್ರೇಯನ್ನು ನಡುವಿನ ಹಂತಕ್ಕಿಂತ ಒಂದು ಹಂತ ಕೆಳಗಿಡಿ, ಮೇಲಿನ ರಾಡ್‌ಗೆ ಹತ್ತಿರವಾದರೆ ನಟ್ಸ್ ತುದಿ ಕಪ್ಪಾಗುತ್ತದೆ. ಓವನ್ ಒಳಗಿಡುವ ಸಣ್ಣ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಗುಂಡಿ 150 ತೋರಿಸುವಾಗ ಒಳಗೆ 170 ಇರುವುದು ತೀರ ಸಾಮಾನ್ಯ.

ಹೊಸ_ಟ್ರೇ

ಹಾಗಾದರೆ ಆಯಿತು ಅಂತ ತಿಳಿಯುವುದು ಹೇಗೆ? ಬಿಸಿಯಲ್ಲಿ ಮುಟ್ಟಿ ನೋಡಿದರೆ ಯಾವಾಗಲೂ ಮೆತ್ತಗೇ ಇರುತ್ತದೆ.

ತಕ್ಕಡಿ

ಬಿಸಿಯಲ್ಲಿ ಮೆತ್ತಗೇ ಇರಬೇಕು, ಅದು ದೋಷವಲ್ಲ. ಓಟ್ಸ್ ಮೇಲಿರುವ ಸಿಹಿಯ ಪದರ ಬಿಸಿಯಲ್ಲಿ ದಪ್ಪ ಪಾಕ, ತಣಿದಾಗ ಗಾಜು. ಗರಿಗರಿ ಬರುವುದೇ ತಣಿದ ಮೇಲೆ. ಓವನ್ ಒಳಗೇ ಗಟ್ಟಿಯಾಗಲಿ ಎಂದು ಕಾದರೆ ಖಂಡಿತ ಸೀಯುತ್ತದೆ.

ಎರಡು ಪರೀಕ್ಷೆ. ಒಂದು: 30ನೇ ನಿಮಿಷಕ್ಕೆ ಟ್ರೇ ನಡುವಿನಿಂದ (ಅಂಚಿನಿಂದಲ್ಲ) ಒಂದು ಚಮಚ ತೆಗೆದು ತಣ್ಣನೆ ತಟ್ಟೆಯಲ್ಲಿ 3 ನಿಮಿಷ ಬಿಡಿ. ಕಚ್ಚಿದರೆ ಶಬ್ದ ಬರಬೇಕು. ಶಬ್ದ ಬಾರದೆ ಹಲ್ಲಿಗೆ ಅಂಟಿದರೆ ಇನ್ನೂ 5 ನಿಮಿಷ.

ಎರಡು: ತೂಕ. ಟ್ರೇ, ಪೇಪರ್, ಮಿಶ್ರಣ ಸೇರಿ ಒಳಗಿಡುವ ಮೊದಲು ತೂಗಿ ಬರೆದಿಡಿ. ಮೇಲಿನ ಅಳತೆಗೆ 40 ಗ್ರಾಂ ಇಳಿದಿದ್ದರೆ ಆಯಿತು, 25 ಮಾತ್ರ ಇಳಿದಿದ್ದರೆ ಬಣ್ಣ ಎಷ್ಟೇ ಚೆನ್ನಾಗಿರಲಿ, ಎರಡು ದಿನದಲ್ಲಿ ಮೆತ್ತಗಾಗುತ್ತದೆ. ಬಿಸಿ ಟ್ರೇಯನ್ನು ನೇರವಾಗಿ ತಕ್ಕಡಿ ಮೇಲಿಡಬೇಡಿ, ಮರದ ಮಣೆ ಇಟ್ಟು ಅದರ ತೂಕ ಸೊನ್ನೆ ಮಾಡಿಕೊಳ್ಳಿ.

ಜೇನಿನ ಬದಲು ಮೇಪಲ್ ಸಿರಪ್ (ಮೇಪಲ್ ಮರದ ರಸ ಕಾಯಿಸಿದ ಪಾಕ) ಹಾಕಿದರೆ ಲೆಕ್ಕ ಬದಲಾಗುತ್ತದೆ. ಅದರಲ್ಲಿ ಮೂರನೇ ಒಂದು ಪಾಲು ನೀರು. 120 ಗ್ರಾಂಗೆ ಜೇನಿನಲ್ಲಿ 20 ಗ್ರಾಂ ನೀರಿದ್ದರೆ ಮೇಪಲ್‌ನಲ್ಲಿ 40. ಆದ್ದರಿಂದ ಇಳಿಯಬೇಕಾದ ತೂಕ 60–65 ಗ್ರಾಂ, ಸಮಯ 6–8 ನಿಮಿಷ ಹೆಚ್ಚು. ಒಂದನ್ನು ಇನ್ನೊಂದರ ಜಾಗಕ್ಕೆ ಹಾಕಿ ಸಮಯ ಅಷ್ಟೇ ಇಟ್ಟವರಿಗೇ "ಮೇಪಲ್ ಹಾಕಿದರೆ ಗರಿಗರಿ ಬರಲ್ಲ" ಅನ್ನಿಸುವುದು. ನಿಜಕ್ಕೂ ಪೂರ್ತಿ ಒಣಗಿಸಿದರೆ ಮೇಪಲ್ ಹೆಚ್ಚು ಗರಿಗರಿ, ಅದರಲ್ಲಿರುವುದು ಬಹುಪಾಲು ಸುಕ್ರೋಸ್, ಅಂದರೆ ಸಾಮಾನ್ಯ ಸಕ್ಕರೆ. ಜೇನಿನ ಫ್ರಕ್ಟೋಸ್ ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣದ್ದು.

ತೇವದ ಹವೆ ಇರುವ ದಿನಗಳಲ್ಲಿ ಜೇನು 80 ಗ್ರಾಂ, ಕಂದು ಸಕ್ಕರೆ 40 ಗ್ರಾಂ ಮಾಡಿ. ಸಕ್ಕರೆ ಕರಗುವ ತನಕ ಜೇನು–ಎಣ್ಣೆ ಜೊತೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಕುದಿಸಬೇಡಿ. ಡಬ್ಬಿಯಲ್ಲಿ ಬಾಳಿಕೆ ಎದ್ದು ಕಾಣುವಷ್ಟು ಹೆಚ್ಚುತ್ತದೆ.

ಚೂರು_ಬಾದಾಮಿ

ನಟ್ಸ್ ಬಗ್ಗೆ ಯಾರೂ ಇನ್ನೂ ವಿವರವಾಗಿ ಹೇಳಿಲ್ಲ. ವಿಷಯವೇ ನಟ್ಸ್ ಗ್ರಾನೋಲಾ ಆಗಿರುವಾಗ ಇದೇ ಮುಖ್ಯ.

ಎಲ್ಲ ನಟ್ಸ್ ಒಂದೇ ಹೊತ್ತಿಗೆ ಒಳಗೆ ಹೋಗಬಾರದು. ಹೊಸ_ಟ್ರೇ ಅವರ ಗೋಡಂಬಿ ಕಹಿಯಾದದ್ದು ಅದಕ್ಕೇ. ಗೋಡಂಬಿಯಲ್ಲಿ ಪಿಷ್ಟ, ಸಕ್ಕರೆ ಎರಡೂ ಬಾದಾಮಿಗಿಂತ ಹೆಚ್ಚು, ಬೇಗ ಕೆಂಪಾಗುತ್ತದೆ. ಬಾದಾಮಿಗೆ ಸಿಪ್ಪೆಯ ರಕ್ಷಣೆ ಇದೆ, ಗಟ್ಟಿ, ಪೂರ್ತಿ 40 ನಿಮಿಷ ತಡೆದುಕೊಳ್ಳುತ್ತದೆ. ಅಕ್ರೋಟಿನದ್ದು ಬೇರೆ ಸಮಸ್ಯೆ. ಅದರ ತೆಳು ಸಿಪ್ಪೆಯಲ್ಲಿ ಟ್ಯಾನಿನ್ (ಒಗರು ಕೊಡುವ ಅಂಶ) ಇದೆ, ಕೊಬ್ಬಿನಲ್ಲಿ ಬಹುಪಾಲು ಬೇಗ ಕೆಡುವ ಜಾತಿಯದು. ಹೆಚ್ಚು ಹುರಿದರೆ ಕಹಿ, ಹುರಿದ ಮೇಲೆ ಬೇಗ ಕಮಟು.

150 ಡಿಗ್ರಿಗೆ ಸರಿಹೊಂದುವ ಕ್ರಮ:

ಮೊದಲಿನಿಂದಲೇ: ಇಡೀ ಬಾದಾಮಿ, ಇಡೀ ಹೇಝಲ್‌ನಟ್.
12–15 ನಿಮಿಷ ಆದ ಮೇಲೆ: ಎರಡು ಮೂರು ತುಂಡು ಮಾಡಿದ ಬಾದಾಮಿ, ಇಡೀ ಗೋಡಂಬಿ, ಪೆಕನ್, ಕುಂಬಳ ಬೀಜ.
20 ನಿಮಿಷ ಆದ ಮೇಲೆ: ಅಕ್ರೋಟು, ಗೋಡಂಬಿ ತುಂಡು, ಮ್ಯಾಕಡೇಮಿಯಾ.
ಕೊನೆಯ 8–10 ನಿಮಿಷ: ಪಿಸ್ತಾ (ಹೆಚ್ಚು ಹೊತ್ತಾದರೆ ಹಸಿರು ಹೋಗಿ ಕಂದಾಗುತ್ತದೆ), ಬಾದಾಮಿ ಚಕ್ಕೆ, ಒಣ ಕೊಬ್ಬರಿ ಚಕ್ಕೆ.

ಹೆಂಟೆ ಬೇಕೆಂದು ಟ್ರೇ ಮುಟ್ಟದೆ ಬಿಡುವವರು ಹೀಗೆ ಹಂತಹಂತವಾಗಿ ಹಾಕಲಾಗುವುದಿಲ್ಲ. ಅವರು ಮೊದಲೇ ಹಾಕಲಿ, ಆದರೆ ಬೇಗ ಕೆಂಪಾಗುವ ಜಾತಿಯನ್ನು ಇಡಿಯಾಗಿ ಅಥವಾ ಅರ್ಧವಾಗಿ ಹಾಕಲಿ. ತುಂಡಿನ ಅಳತೆ 8 ಮಿ.ಮೀ.ಗಿಂತ ಚಿಕ್ಕದಾಗದಿರಲಿ. ಮಿಕ್ಸಿಯಲ್ಲಿ ತಿರುಗಿಸಿದರೆ ಅರ್ಧ ತುಂಡು, ಅರ್ಧ ಹಿಟ್ಟು. ಆ ಹಿಟ್ಟೇ ಮೊದಲು ಸೀದು ಇಡೀ ಟ್ರೇಗೆ ಕಹಿ ಹತ್ತಿಸುತ್ತದೆ. ಚಾಕುವಿನಲ್ಲಿ ಹೆಚ್ಚಿ, ಜರಡಿ ಹಿಡಿದು ಪುಡಿ ಬೇರೆ ಮಾಡಿ.

ಅಂಗಡಿಯ ಹುರಿದ ನಟ್ಸ್ ತಂದಿದ್ದರೆ ಓವನ್‌ಗೆ ಹಾಕಲೇಬೇಡಿ, ತಣಿದ ಮೇಲೆ ಬೆರೆಸಿ. ಉಪ್ಪು ಹಚ್ಚಿದ್ದಾದರೆ ಮಿಶ್ರಣದ ಉಪ್ಪು 5ರಿಂದ 3 ಗ್ರಾಂಗೆ ಇಳಿಸಿ. ನೆನೆಸಿದ ನಟ್ಸ್ ಬಳಸುವವರು ಅವನ್ನು ಮೊದಲು ಪೂರ್ತಿ ಒಣಗಿಸಿಕೊಳ್ಳಬೇಕು. ಅರ್ಧ ಒಣಗಿದ ಬಾದಾಮಿ ಹೊರಗೆ ಕೆಂಪು, ಒಳಗೆ ರಬ್ಬರ್.

ಇನ್ನೊಂದು ಮಾತು: ಹಾಕುವ ಮೊದಲು ಪ್ರತಿ ಜಾತಿಯಿಂದ ಒಂದೊಂದು ಬಾಯಿಗೆ ಹಾಕಿ ನೋಡಿ. ಕಮಟು ಹತ್ತಿದ ಅಕ್ರೋಟನ್ನು ಜೇನು, ದಾಲ್ಚಿನ್ನಿ ಯಾವುದೂ ಮುಚ್ಚುವುದಿಲ್ಲ.

ಹೆಂಟೆ_ಕಟ್ಟು

ಹೆಂಟೆ ಕಟ್ಟಲು ಮೂರು ಬೇಕು: ಅಂಟು, ಒತ್ತಡ, ತಾಳ್ಮೆ.

ಅಂಟು: 300 ಗ್ರಾಂ ಓಟ್ಸ್‌ನಲ್ಲಿ 60–75 ಗ್ರಾಂ ತೆಗೆದು ಮಿಕ್ಸಿಯಲ್ಲಿ ಹಿಟ್ಟು ಮಾಡಿ ಮತ್ತೆ ಸೇರಿಸಿ. ಓಟ್ಸ್ ಎಸಳುಗಳ ನಡುವಿನ ಖಾಲಿ ಜಾಗವನ್ನು ಈ ಹಿಟ್ಟು–ಜೇನಿನ ಗಾರೆ ತುಂಬುತ್ತದೆ. ಬರೀ ಜೇನು ಹೆಚ್ಚಿಸಿದರೆ ಹೆಂಟೆ ಬರುತ್ತದೆ ನಿಜ, ಆದರೆ ಗಟ್ಟಿ ಮಿಠಾಯಿಯಂತಾಗುತ್ತದೆ. ಇನ್ನೂ ದೊಡ್ಡ ಹೆಂಟೆ ಬೇಕಾದರೆ ಒಂದು ಮೊಟ್ಟೆಯ ಬಿಳಿ (ಸುಮಾರು 30 ಗ್ರಾಂ) ನೊರೆ ಬರುವ ತನಕ ಕಡೆದು, ಎಲ್ಲ ಕಲಸಿದ ಮೇಲೆ ಕೊನೆಗೆ ಸೇರಿಸಿ. ಬಿಸಿಗೆ ಅದರ ಪ್ರೋಟೀನ್ ಹೆಪ್ಪುಗಟ್ಟಿ ಓಟ್ಸ್ ಹಿಡಿದುಕೊಳ್ಳುತ್ತದೆ. ಸಿಹಿ ಹೆಚ್ಚಿಸದೆ ಹೆಂಟೆ ಕಟ್ಟುವ ಉಪಾಯ ಇದು. ನೀರಿನ ಲೆಕ್ಕಕ್ಕೆ 25 ಗ್ರಾಂ ಸೇರಿಸಿಕೊಳ್ಳಿ.

ಒತ್ತಡ: ಟ್ರೇಗೆ ಹರಡಿದ ಮೇಲೆ ಇನ್ನೊಂದು ಬೇಕಿಂಗ್ ಪೇಪರ್ ಹಾಸಿ, ಚಪ್ಪಟೆ ತಳದ ಲೋಟದಿಂದ ಗಟ್ಟಿಯಾಗಿ ಒತ್ತಿ. ಪೇಪರ್ ತೆಗೆದು ಒಳಗಿಡಿ.

ತಾಳ್ಮೆ: ಕಲಕಬೇಡಿ. 140 ಡಿಗ್ರಿಗೆ 45–50 ನಿಮಿಷ, 25ನೇ ನಿಮಿಷಕ್ಕೆ ಟ್ರೇ ಹಿಂದುಮುಂದು ತಿರುಗಿಸಿ, ಅಷ್ಟೆ. ಹೊರತೆಗೆದ ಮೇಲೆ ಒಂದು ಗಂಟೆ ಮುಟ್ಟಬೇಡಿ. ಬೆಚ್ಚಗಿರುವಾಗ ಒಡೆದರೆ ಪಾಕ ಇನ್ನೂ ಗಾಜಾಗಿರುವುದಿಲ್ಲ, ಪ್ರತಿ ಓಟ್ಸ್ ಬೇರೆ ಬೇರೆಯಾಗಿ ಬಿಡುತ್ತದೆ. ಹೊಸ_ಟ್ರೇ ಅವರದು ಪುಡಿಯಾಗಲು ಎಣ್ಣೆ ಕಡಿಮೆ ಇದ್ದದ್ದು ಒಂದು ಕಾರಣ, ಬಿಸಿಯಲ್ಲೇ ಕೆದಕಿದ್ದು ಇನ್ನೊಂದು ಇರಬೇಕು.

ಮಂದ_ಉರಿ

ಕಲಕಲೇಬಾರದು ಎನ್ನುವುದಕ್ಕೆ ನನ್ನ ಸಣ್ಣ ತಕರಾರು. ಫ್ಯಾನ್ ಇಲ್ಲದ, ಹಿಂಭಾಗ ಹೆಚ್ಚು ಕಾಯುವ ಓವನ್‌ಗಳಲ್ಲಿ 50 ನಿಮಿಷ ಕಲಕದೆ ಬಿಟ್ಟರೆ ಅಂಚು ಕೈಬಿಟ್ಟು ಹೋಗುತ್ತದೆ. 15ನೇ ನಿಮಿಷಕ್ಕೆ ಒಮ್ಮೆ ಮಾತ್ರ ಅಗಲ ಚಟ್ಟುಗದಿಂದ ಅಂಚನ್ನು ನಡುವಿಗೂ ನಡುವನ್ನು ಅಂಚಿಗೂ ತಿರುವಿಹಾಕಿ, ಮತ್ತೆ ಒತ್ತಿ ಸಮ ಮಾಡಿ. ಆ ಹೊತ್ತಿಗೆ ಪಾಕ ಇನ್ನೂ ಅಂಟಂಟಾಗಿ ಇರುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. 25 ನಿಮಿಷ ದಾಟಿದ ಮೇಲೆ ಕಲಕಿದರೆ ಮಾತ್ರ ಹೆಂಟೆ ಕಳೆದುಕೊಂಡ ಹಾಗೇ.

ಹೆಂಟೆ_ಕಟ್ಟು

ಒಪ್ಪಿದೆ, ಮೊಟ್ಟೆಯ ಬಿಳಿ ಹಾಕದಿದ್ದಾಗ ಮಾತ್ರ. ಮೊಟ್ಟೆ ಹಾಕಿದರೆ 15 ನಿಮಿಷಕ್ಕೆ ಅದು ಗಟ್ಟಿಯಾಗಿರುತ್ತದೆ, ಒಡೆದರೆ ಮತ್ತೆ ಕೂಡುವುದಿಲ್ಲ. ಆಗ 10ನೇ ನಿಮಿಷದ ಒಳಗೆ ತಿರುವಬೇಕು, ಇಲ್ಲವೇ ಬಿಡಬೇಕು.

ಕಡಿಮೆ_ಸಿಹಿ

ಜೇನು 120 ಗ್ರಾಂ ಹೆಚ್ಚಾಯಿತು ಅನ್ನಿಸುತ್ತದೆ. ಎಷ್ಟಕ್ಕೆ ಇಳಿಸಬಹುದು? ಎಣ್ಣೆ ಇಲ್ಲದೆ ಆಗುತ್ತದೆಯೇ?

ತಕ್ಕಡಿ

300 ಗ್ರಾಂ ಓಟ್ಸ್‌ಗೆ 80 ಗ್ರಾಂ ತನಕ ಧೈರ್ಯವಾಗಿ ಇಳಿಸಿ, ಮೊಟ್ಟೆಯ ಬಿಳಿ ಸೇರಿಸಿ. 60ಕ್ಕಿಂತ ಕೆಳಗಿಳಿದರೆ ಸಿಗುವುದು ಬಿಡಿಬಿಡಿ ಹುರಿದ ಓಟ್ಸ್, ರುಚಿ ಇರುತ್ತದೆ, ಹೆಂಟೆ ಇರುವುದಿಲ್ಲ. ಖರ್ಜೂರದ ಪೇಸ್ಟ್ ಅಥವಾ ಹಣ್ಣಿನ ತಿರುಳು ಬದಲಿಗೆ ಹಾಕುವವರು ನೀರು ಎಷ್ಟು ಸೇರುತ್ತಿದೆ ನೋಡಿಕೊಳ್ಳಬೇಕು. ಸೇಬಿನ ತಿರುಳಿನಲ್ಲಿ ಹೆಚ್ಚಿನ ಪಾಲು ನೀರೇ, 130 ಡಿಗ್ರಿಯಲ್ಲಿ ಒಂದು ಗಂಟೆಗೂ ಮೇಲೆ ಹಿಡಿಯುತ್ತದೆ. ಜೊತೆಗೆ ಅದೂ ಸಿಹಿಯೇ.

ಎಣ್ಣೆ ತೆಗೆಯುವುದು ಬೇಡ. ಎಣ್ಣೆಯ ಕೆಲಸ ರುಚಿ ಒಂದೇ ಅಲ್ಲ. ಅದು ಬಿಸಿಯನ್ನು ಓಟ್ಸ್ ಎಸಳಿನ ಎಲ್ಲ ಕಡೆ ಸಮನಾಗಿ ಹರಡುತ್ತದೆ, ಪಾಕವನ್ನು ತೆಳ್ಳಗೆ ಲೇಪಿಸುತ್ತದೆ. ಎಣ್ಣೆ ಇಲ್ಲದಾಗ ಅಲ್ಲಲ್ಲಿ ಸೀದ ಚುಕ್ಕೆ, ಉಳಿದೆಡೆ ಹಿಟ್ಟುಹಿಟ್ಟು, ಕಚ್ಚಲು ಗಟ್ಟಿ. ಇಳಿಸುವುದಾದರೆ 45–50 ಗ್ರಾಂ. ಪೂರ್ತಿ ಬೇಡವೆಂದರೆ 70–80 ಗ್ರಾಂ ಬಾದಾಮಿ ಬೆಣ್ಣೆಯನ್ನು (ನಟ್ಸ್ ಮಾತ್ರ ಅರೆದದ್ದು) ಜೇನಿನ ಜೊತೆ ಬಿಸಿ ಮಾಡಿ ಸಡಿಲಿಸಿ ಹಾಕಿ. ಅದರಲ್ಲಿ ಅರ್ಧಕ್ಕೂ ಹೆಚ್ಚು ಕೊಬ್ಬೇ ಇರುವುದರಿಂದ ಎಣ್ಣೆಯ ಕೆಲಸವೂ ಅಂಟಿನ ಕೆಲಸವೂ ಆಗುತ್ತದೆ.

ಯಾವ ಎಣ್ಣೆ ಎಂದರೆ, ವಾಸನೆ ಗಾಢವಿಲ್ಲದ್ದು ಯಾವುದಾದರೂ ಸರಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಕೆಳಗೆ ಹೆಪ್ಪುಗಟ್ಟುವುದರಿಂದ ತಂಪು ಹವೆಯಲ್ಲಿ ಹೆಂಟೆಗೆ ಸಹಾಯ. ಬೆಣ್ಣೆಯಲ್ಲಿ ಶೇ. 16ರಷ್ಟು ನೀರೂ, ಬೇಗ ಸೀಯುವ ಹಾಲಿನ ಅಂಶವೂ ಇದೆ, ಅದನ್ನು ಬಳಸಿದರೆ 140 ಡಿಗ್ರಿ ದಾಟಬೇಡಿ.

ದಪ್ಪ_ಬಾಣಲೆ

ಓವನ್ ಇಲ್ಲದವರಿಗೆ. ಒಲೆ ಮೇಲೆ ಖಂಡಿತ ಆಗುತ್ತದೆ, ಆದರೆ ಕ್ರಮ ಬೇರೆ. ಕಲಸಿದ್ದನ್ನೆಲ್ಲ ಬಾಣಲೆಗೆ ಸುರಿದು ಹುರಿದರೆ ಜೇನು ತಳ ಹಿಡಿದು ಸೀಯುತ್ತದೆ. ಇಲ್ಲಿ ಮೊದಲು ಒಣಗಿಸುವುದು, ಆಮೇಲೆ ಪಾಕ.

200 ಗ್ರಾಂ ಓಟ್ಸ್ ಅನ್ನು ಅಗಲ, ದಪ್ಪ ತಳದ ಬಾಣಲೆಯಲ್ಲಿ ಏನೂ ಹಾಕದೆ ಸಣ್ಣ ಉರಿಯಲ್ಲಿ 10–12 ನಿಮಿಷ ಕೈಯಾಡಿಸಿ. ಘಮ ಬರಬೇಕು, ಎಸಳು ಮುರಿದರೆ ಪಟ್ಟನೆ ಮುರಿಯಬೇಕು. ತೆಗೆದಿಟ್ಟು 120 ಗ್ರಾಂ ನಟ್ಸ್ ಬೇರೆ ಹುರಿಯಿರಿ, 6–8 ನಿಮಿಷ. ಈಗ ಅದೇ ಬಾಣಲೆಯಲ್ಲಿ ಜೇನು 80 ಗ್ರಾಂ, ಎಣ್ಣೆ 45 ಗ್ರಾಂ, ಉಪ್ಪು 3 ಗ್ರಾಂ ಕುದಿಸಿ. ನೊರೆ ದಪ್ಪವಾಗಿ, 120 ಡಿಗ್ರಿ ಮುಟ್ಟಿದಾಗ ಓಟ್ಸ್, ನಟ್ಸ್ ಹಾಕಿ. ಥರ್ಮಾಮೀಟರ್ ಇಲ್ಲದಿದ್ದರೆ ತಣ್ಣೀರಿಗೆ ಒಂದು ಹನಿ ಬಿಡಿ, ಬೆರಳಲ್ಲಿ ಹಿಡಿದರೆ ಗಟ್ಟಿ ಉಂಡೆಯಾಗಬೇಕು. ಬೆರೆಸಿದ ಮೇಲೆ ಉರಿ ಆರಿಸಬೇಡಿ, ತೀರ ಸಣ್ಣ ಮಾಡಿ ಇನ್ನೂ 5 ನಿಮಿಷ ತಿರುವುತ್ತಿರಿ. ಪಾಕ ಈಗ ತೆಳುವಾಗಿ ಹರಡಿರುವುದರಿಂದ ಉಳಿದ ನೀರು ಇಲ್ಲಿ ಹೋಗುತ್ತದೆ. ಈ ಐದು ನಿಮಿಷ ಬಿಟ್ಟರೆ ಗ್ರಾನೋಲಾ ಹಲ್ಲಿಗೆ ಅಂಟುತ್ತದೆ.

ಪೇಪರ್ ಮೇಲೆ ಸುರಿದು ಒತ್ತಿ ತಣಿಸಿ. ದಾಲ್ಚಿನ್ನಿ, ವೆನಿಲಾ ಉರಿ ಆರಿಸಿದ ಮೇಲೆ.

ಕಡಿಮೆ_ಸಿಹಿ

ಏರ್ ಫ್ರೈಯರ್?

ದಪ್ಪ_ಬಾಣಲೆ

ಆಗುತ್ತದೆ. ಒಟ್ಟು 250 ಗ್ರಾಂ ಮೀರಬೇಡಿ, 140 ಡಿಗ್ರಿ, 12–15 ನಿಮಿಷ, ಪ್ರತಿ 4 ನಿಮಿಷಕ್ಕೆ ಕಲಕಿ. ಬುಟ್ಟಿಗೆ ಪೇಪರ್ ಹಾಸಿ ಅದರ ಮೇಲೆ ಮಿಶ್ರಣ. ಬರೀ ಪೇಪರ್ ಇಟ್ಟು ಮೊದಲೇ ಬಿಸಿ ಮಾಡಿದರೆ ಅದು ಹಾರಿ ಮೇಲಿನ ರಾಡ್‌ಗೆ ತಗಲುತ್ತದೆ, ಅಪಾಯ. ಬಿಡಿ ಓಟ್ಸ್ ಕೂಡ ಗಾಳಿಗೆ ಹಾರುತ್ತದೆ, ಆದ್ದರಿಂದ ಚೆನ್ನಾಗಿ ಒತ್ತಿ ಇಡಿ. ದೊಡ್ಡ ಹೆಂಟೆ ನಿರೀಕ್ಷಿಸಬೇಡಿ.

ಬಿಗಿ_ಮುಚ್ಚಳ

ಮೂರನೇ ದಿನಕ್ಕೆ ಮೆತ್ತಗಾಗುವ ವಿಷಯ. ಅದರಲ್ಲಿ ದ್ರಾಕ್ಷಿಯ ಪಾಲು ದೊಡ್ಡದು.

ಒಣದ್ರಾಕ್ಷಿ ಎಂದರೆ ಒಣಗಿದ್ದು ಎಂದುಕೊಳ್ಳುತ್ತೇವೆ, ಅದರಲ್ಲಿ ಶೇ. 15ಕ್ಕೂ ಹೆಚ್ಚು ನೀರಿದೆ. ಗ್ರಾನೋಲಾದಲ್ಲಿ ಶೇ. 2–3. ಎರಡನ್ನೂ ಒಂದೇ ಡಬ್ಬಿಯಲ್ಲಿ ಮುಚ್ಚಿಟ್ಟರೆ ತೇವ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತಲೇ ಇರುತ್ತದೆ, ಮುಚ್ಚಳ ಎಷ್ಟೇ ಬಿಗಿಯಿರಲಿ. ದ್ರಾಕ್ಷಿ ಗಟ್ಟಿ, ಓಟ್ಸ್ ಮೆತ್ತಗೆ, ಎರಡೂ ಕೆಟ್ಟವು. ಓವನ್‌ಗೆ ಹಾಕಿದರೆ ಸಕ್ಕರೆ ಸೀದು ಕಹಿ. ಹಾಗಾಗಿ ಹಣ್ಣುಗಳನ್ನು ಬೇರೆ ಡಬ್ಬಿಯಲ್ಲಿಟ್ಟು ಬಟ್ಟಲಿಗೆ ಹಾಕಿಕೊಳ್ಳುವಾಗ ಸೇರಿಸಿ. ಒಟ್ಟಿಗೇ ಇರಬೇಕೆಂದರೆ ಫ್ರೀಜ್ ಡ್ರೈ ಮಾಡಿದ ಹಣ್ಣು ಬಳಸಿ, ಅದು ಗ್ರಾನೋಲಾದಷ್ಟೇ ಒಣಗಿರುತ್ತದೆ. ಚಾಕೊಲೇಟ್ ತುಂಡು ಹಾಕಲು ಅಡ್ಡಿಯಿಲ್ಲ, ಪೂರ್ತಿ ತಣಿದ ಮೇಲೆ.

ಡಬ್ಬಿಗೆ ತುಂಬುವ ಹೊತ್ತು ಇನ್ನೊಂದು ತಪ್ಪಿನ ಜಾಗ. ಬೆಚ್ಚಗಿದ್ದಾಗಲೇ ಮುಚ್ಚಿದರೆ ಒಳಗಿನ ಆವಿ ಮುಚ್ಚಳಕ್ಕೆ ಹನಿಕಟ್ಟಿ ಮರಳಿ ಕೆಳಗಿಳಿಯುತ್ತದೆ. ರಾತ್ರಿಯಿಡೀ ತೆರೆದಿಟ್ಟರೆ ಅದೂ ತಪ್ಪು, ಜೇನು ಗಾಳಿಯ ತೇವ ಹೀರುತ್ತದೆ. ಟ್ರೇ ತಳ ಮುಟ್ಟಿದರೆ ಬಿಸಿ ಎನ್ನಿಸಬಾರದು, ಆ ಕ್ಷಣವೇ ಡಬ್ಬಿಗೆ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ.

ಬಾಳಿಕೆ: ಬಾದಾಮಿ, ಹೇಝಲ್‌ನಟ್ ಹಾಕಿದ್ದು 3–4 ವಾರ. ಅಕ್ರೋಟು, ಪೆಕನ್ ಜಾಸ್ತಿ ಇದ್ದರೆ 2 ವಾರದಲ್ಲಿ ಮುಗಿಸಿ. ಅಗಸೆ ಪುಡಿ ಹಾಕುವವರು ತಿನ್ನುವಾಗ ಮೇಲೆ ಉದುರಿಸಿಕೊಳ್ಳಿ, ಪುಡಿ ಮಾಡಿದ ಅಗಸೆ ಬಹಳ ಬೇಗ ಕಮಟಾಗುತ್ತದೆ. ಫ್ರೀಜರ್‌ನಲ್ಲಿ 3 ತಿಂಗಳು ಇರುತ್ತದೆ, ಹೊರತೆಗೆದ ಡಬ್ಬಿಯನ್ನು ಕೋಣೆಯ ಬಿಸಿಗೆ ಬರುವ ತನಕ ತೆರೆಯಬೇಡಿ, ತೆರೆದರೆ ಒಳಗೆಲ್ಲ ಹನಿ.

ಮೆತ್ತಗಾದದ್ದನ್ನು ಎಸೆಯಬೇಡಿ. ಹಣ್ಣು ಆರಿಸಿ ತೆಗೆದು 140 ಡಿಗ್ರಿಗೆ 8–10 ನಿಮಿಷ, ಪೂರ್ತಿ ತಣಿಸಿ. ಕಮಟು ವಾಸನೆ ಬಂದಿದ್ದರೆ ಮಾತ್ರ ಇದರಿಂದ ಸರಿಹೋಗುವುದಿಲ್ಲ.

ಹಸಿರು_ಬೀಜ

ಸೂರ್ಯಕಾಂತಿ ಬೀಜ ಹಾಕಿದ ಗ್ರಾನೋಲಾದಲ್ಲಿ ಬೀಜಗಳು ಹಸಿರಾಗಿವೆ. ಕಾಲು ಚಮಚ ಅಡುಗೆ ಸೋಡಾ ಪಾಕಕ್ಕೆ ಹಾಕಿತ್ತು. ಕೆಟ್ಟಿದೆಯೇ?

ಚೂರು_ಬಾದಾಮಿ

ಕೆಟ್ಟಿಲ್ಲ. ಸೂರ್ಯಕಾಂತಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲ ಇರುತ್ತದೆ, ಸೋಡಾದ ಕ್ಷಾರಕ್ಕೆ ಸಿಕ್ಕಾಗ ಹಸಿರಾಗುತ್ತದೆ. ತಿನ್ನಲು ತೊಂದರೆಯಿಲ್ಲ. ಸೋಡಾ ಹಾಕುವ ಉದ್ದೇಶ ಬೇಗ ಕೆಂಪಾಗಲಿ, ಪಾಕ ನೊರೆಗಟ್ಟಿ ಹಗುರಾಗಲಿ ಎಂದು. ಆದರೆ ಗ್ರಾನೋಲಾಗೆ ಬೇಗ ಕೆಂಪಾಗುವುದು ಉಪಕಾರವಲ್ಲ. ಬಿಟ್ಟುಬಿಡಿ. ಸೋಡಾ ಬೇಕೇ ಬೇಕೆಂದರೆ ಕುಂಬಳ ಬೀಜ ಬಳಸಿ.

ಬಿಗಿ_ಮುಚ್ಚಳ

ಹಂಚುವವರು ಗಮನಿಸಬೇಕಾದ ಮೂರು ಸಂಗತಿ. ನಟ್ಸ್ ಅಲರ್ಜಿ ಇರುವವರಿಗೆ ನಟ್ಸ್ ಆರಿಸಿ ತೆಗೆದು ಕೊಡುವುದು ಸುರಕ್ಷಿತವಲ್ಲ. ಬೀಜಗಳಷ್ಟೇ ಹಾಕಿ, ಉಜ್ಜಿ ತೊಳೆದ ಬೇರೆ ಟ್ರೇ, ಬೇರೆ ಚಟ್ಟುಗದಲ್ಲಿ ಮಾಡಿ. ಗ್ಲುಟೆನ್ (ಗೋಧಿಯಲ್ಲಿರುವ ಪ್ರೋಟೀನ್) ಆಗದವರಿಗೆ ಗ್ಲುಟೆನ್ ಮುಕ್ತ ಎಂದು ಮುದ್ರಿಸಿದ ಓಟ್ಸ್ ಮಾತ್ರ, ಸಾಮಾನ್ಯ ಓಟ್ಸ್‌ಗೆ ಹೊಲದಲ್ಲೋ ಗಿರಣಿಯಲ್ಲೋ ಗೋಧಿ ಬೆರೆತಿರಬಹುದು. ಓಟ್ಸ್ ಪ್ರೋಟೀನೇ ಆಗದ ಕೆಲವರೂ ಇದ್ದಾರೆ. ಒಂದು ವರ್ಷದ ಒಳಗಿನ ಮಗುವಿಗೆ ಜೇನು ಹಾಕಿದ ಗ್ರಾನೋಲಾ ಬೇಡ, ಬೊಟುಲಿಸಂ (ನರಗಳಿಗೆ ತಗಲುವ ಅಪಾಯಕಾರಿ ವಿಷಬಾಧೆ) ತರುವ ಬೀಜಾಣುಗಳನ್ನು ಅಡುಗೆಮನೆ ಓವನ್‌ನ ಬಿಸಿ ಕೊಲ್ಲುವುದಿಲ್ಲ. ಐದು ವರ್ಷದ ಒಳಗಿನ ಮಕ್ಕಳಿಗೆ ಇಡೀ ನಟ್ಸ್ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವೂ ಇದೆ.

ತಕ್ಕಡಿ

ಓಟ್ಸ್ ಜಾತಿಯ ಬಗ್ಗೆ ಒಂದು ಸಾಲು ಬಿಟ್ಟುಹೋಗಿತ್ತು. ಇನ್‌ಸ್ಟಂಟ್ ಓಟ್ಸ್ ತೆಳು, ಪಾಕ ಹೀರಿ ಹಿಟ್ಟಾಗುತ್ತದೆ. ಸ್ಟೀಲ್ ಕಟ್ ಗಟ್ಟಿ ನುಚ್ಚು, ಬೇಯದೆ ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ದಪ್ಪ ರೋಲ್ಡ್ ಓಟ್ಸ್ ಒಂದೇ ಸರಿ.

ಒಣಗಿಸುವುದೇ ಮುಖ್ಯ ಎಂದು ಮೊದಲು ಹೇಳಿದ್ದಕ್ಕೆ ಪೂರಕವಾಗಿ: ಅಮೆರಿಕದ ಡ್ಯಾನ್ಸ್‌ವಿಲ್‌ನಲ್ಲಿ ಜೇಮ್ಸ್ ಕ್ಯಾಲೆಬ್ ಜಾಕ್ಸನ್ 1863ರಲ್ಲಿ ಮಾಡಿದ 'ಗ್ರಾನ್ಯುಲಾ' ಇದರ ಪೂರ್ವಜ. ಅದರಲ್ಲಿ ಓಟ್ಸ್ ಇರಲಿಲ್ಲ. ಗ್ರಹಾಂ ಹಿಟ್ಟನ್ನು (ತೌಡು ಸಮೇತದ ಗೋಧಿ ಹಿಟ್ಟು) ಹಾಳೆಯಾಗಿ ಬೇಯಿಸಿ, ಒಡೆದು, ಮತ್ತೊಮ್ಮೆ ಬೇಯಿಸುತ್ತಿದ್ದರು. ಅದು ಎಷ್ಟು ಒಣಗುತ್ತಿತ್ತೆಂದರೆ ರಾತ್ರಿ ನೆನೆಸಿಟ್ಟೇ ತಿನ್ನಬೇಕಿತ್ತು. ನಾವು ಎಣ್ಣೆ ಹಾಕಿ ಅದೇ ಒಣಗಿಸುವಿಕೆಯನ್ನು ಹಲ್ಲಿಗೆ ಹಿತವಾಗಿಸಿಕೊಂಡಿದ್ದೇವೆ.

ಹೊಸ_ಟ್ರೇ

ತಕ್ಕಡಿ ಅವರ ಅಳತೆಯನ್ನು ಎರಡು ಟ್ರೇಗೆ ಹಂಚಿ, ಎರಡನ್ನೂ ಒಟ್ಟಿಗೆ ಒಳಗಿಟ್ಟು, 150 ಡಿಗ್ರಿ, 40 ನಿಮಿಷ. ಅಕ್ರೋಟು 20ನೇ ನಿಮಿಷಕ್ಕೆ. ಮೇಲಿನ ಟ್ರೇ 365ರಿಂದ 343 ಗ್ರಾಂಗೆ ಇಳಿಯಿತು, ಚೆನ್ನಾಗಿದೆ. ಕೆಳಗಿನದು 352ಕ್ಕೆ ನಿಂತಿದೆ, ಬಣ್ಣವೂ ಪೇಲವ, ತಣಿದ ಮೇಲೆ ಹಲ್ಲಿಗೆ ಅಂಟುತ್ತದೆ.

ಮಂದ_ಉರಿ

ನಿಮ್ಮ ಅಂಕಿಯೇ ಉತ್ತರ ಹೇಳುತ್ತಿದೆ, ಕೆಳಗಿನದರಲ್ಲಿ ಮೇಲಿನದಕ್ಕಿಂತ 9 ಗ್ರಾಂ ಹೆಚ್ಚು ನೀರು ಕೂತಿದೆ. ಅದನ್ನು ಮಾತ್ರ 140 ಡಿಗ್ರಿಗೆ 8 ನಿಮಿಷ ಮತ್ತೆ ಇಡಿ, 5ನೇ ನಿಮಿಷದಿಂದ ಗೋಡಂಬಿ ಮೇಲೆ ಕಣ್ಣಿರಲಿ.

ಮುಂದಿನ ಸಲ ಎರಡು ಟ್ರೇ ಇಟ್ಟಾಗ 20ನೇ ನಿಮಿಷಕ್ಕೆ ಮೇಲು–ಕೆಳಗು ಬದಲಿಸಿ. ಎರಡು ಟ್ರೇಯ ಹಬೆ ಒಂದೇ ಓವನ್‌ನಲ್ಲಿ ತುಂಬುವುದರಿಂದ 10 ಮತ್ತು 20ನೇ ನಿಮಿಷಕ್ಕೆ ಬಾಗಿಲನ್ನು ಹತ್ತು ಸೆಕೆಂಡು ಪೂರ್ತಿ ತೆರೆದು ಆವಿ ಹೊರಬಿಡಿ. ಬಿಸಿ ಸ್ವಲ್ಪ ಇಳಿಯುತ್ತದೆ, ಅದಕ್ಕೆ ಒಟ್ಟು ಸಮಯಕ್ಕೆ 5 ನಿಮಿಷ ಸೇರಿಸಿಕೊಳ್ಳಿ. ಮುಖ ದೂರ ಇರಲಿ, ಆ ಹಬೆ ಕಣ್ಣಿಗೆ ಹೊಡೆಯುತ್ತದೆ.